ಬಣ್ಣಕ್ಕೂ ಮೊದಲಿನ ಗೆರೆ

1799ರ ಮೇ 4ರ ಇರುಳು, ಶ್ರೀರಂಗಪಟ್ಟಣ. ಕೋಟೆ ಬಾಗಿಲ ಕಮಾನಿನಡಿ ಬ್ರಿಟಿಷ್ ಜನರಲ್ ಡೇವಿಡ್ ಬೇರ್ಡ್ ನೆಟ್ಟಗೆ ನಿಂತಿದ್ದಾನೆ. ಕೆಳಗೆ, ದೀಪದ ಬೆಳಕಿನಲ್ಲಿ, ಟಿಪ್ಪುವಿನ ಶವ. ಸ್ಕಾಟ್ಲೆಂಡಿನ ಸರ್ ಡೇವಿಡ್ ವಿಲ್ಕಿ ಬರೆದ ಈ ತೈಲಚಿತ್ರದ ಎತ್ತರ 11 ಅಡಿಗೂ ಹೆಚ್ಚು. ಅದರ ಮುಂದೆ ನಿಂತವರಿಗೆ ಕಲಾವಿದ ಆ ರಾತ್ರಿ ಅಲ್ಲೇ ಇದ್ದನೆನಿಸಿದರೆ ಆಶ್ಚರ್ಯವಿಲ್ಲ.

ಆದರೆ ವಿಲ್ಕಿ ಭಾರತಕ್ಕೆ ಬಂದವನೇ ಅಲ್ಲ. ಬೇರ್ಡ್ ತೀರಿಕೊಂಡದ್ದು 1829ರಲ್ಲಿ. ಆತನ ಪತ್ನಿ ಹೇಳಿ ಬರೆಸಿದ ಚಿತ್ರ ಜನರ ಕಣ್ಣಿಗೆ ಬಿದ್ದದ್ದು 1839ರಲ್ಲಿ, ಘಟನೆ ನಡೆದ ನಲವತ್ತು ವರ್ಷಕ್ಕೆ.

ಕಾಣದ್ದನ್ನು ಕಂಡಂತೆ ಮಾಡಿದ ಕೆಲಸದ ಬಹುಪಾಲು ಸೀಮೆಸುಣ್ಣದ್ದು. ದೊಡ್ಡ ಕ್ಯಾನ್ವಾಸ್ ಮುಟ್ಟುವ ಮುನ್ನ ಆ ಕಾಲದ ಕಲಾವಿದರು ಒಂದು ತೋಳು, ಒಂದು ಬಟ್ಟೆಯ ಮಡಿಕೆ, ಬಿದ್ದ ದೇಹದ ಭಾರ, ಹೀಗೆ ಬಿಡಿಬಿಡಿಯಾಗಿ ಬರೆದು ನೋಡುತ್ತಿದ್ದರು. ತಿಳಿಬಣ್ಣದ ಕಾಗದವೇ ನಡುವಣ ಛಾಯೆ. ನೆರಳಿಗೆ ಕಪ್ಪು, ಮೈಬಣ್ಣಕ್ಕೆ ಕೆಂಪು, ಬೆಳಕು ಬೀಳುವಲ್ಲಿ ಬಿಳಿ ಚಾಕ್. ತಪ್ಪಿದರೆ ಬೆರಳಲ್ಲೇ ಒರೆಸಬಹುದು. ಈ ಚಿತ್ರಕ್ಕೂ ವಿಲ್ಕಿ ಇಂಥ ಹಲವು ಕರಡುಗಳನ್ನು ಬರೆದ.

ಬೇರ್ಡ್‌ನ ಕಾಲ ಬಳಿ ಒಂದು ಕಬ್ಬಿಣದ ಜಾಲರಿಯಿದೆ. 1780ರ ಪೊಳ್ಳಿಲೂರು ಕಾಳಗದಲ್ಲಿ ಸೆರೆಸಿಕ್ಕ ಬೇರ್ಡ್ 1784ರವರೆಗೆ ಶ್ರೀರಂಗಪಟ್ಟಣದ ಸೆರೆಯಲ್ಲಿದ್ದ. ಜಾಲರಿ ಅದನ್ನೇ ನೆನಪಿಸುತ್ತದೆ. ಅಂದಿನ ಕೈದಿ ಮೇಲೆ, ಸೆರೆಯಲ್ಲಿಟ್ಟ ದೊರೆ ಕೆಳಗೆ. ಇದು ವರದಿಯಲ್ಲ, ಗೆದ್ದವರ ಮನೆಯ ವಾದ. ಮುಗಿದ ಚಿತ್ರದ ಬೆಳಕು ಆ ವಾದವನ್ನು ಮರೆಸುತ್ತದೆ. ಕರಡು ಹಾಳೆಗಳು ಮರೆಸುವುದಿಲ್ಲ: ಯಾವ ಆಕೃತಿಯನ್ನು ಯೋಚಿಸಿ, ತಿದ್ದಿ ಇಟ್ಟರೆಂಬುದು ಅಲ್ಲಿ ಗೆರೆಗೆರೆಯಲ್ಲೂ ಉಳಿದಿರುತ್ತದೆ. ಇತಿಹಾಸದ ಚಿತ್ರವನ್ನು ಪಠ್ಯದಲ್ಲಿ ಅಚ್ಚುಹಾಕುವಾಗ ಪಕ್ಕದಲ್ಲೊಂದು ಕರಡನ್ನೂ ಹಾಕಿದರೆ ಮಕ್ಕಳ ಕಣ್ಣು ಹರಿತವಾದೀತು.

ಕರಡಿನ ಈ ಮಾತು ಕಲಬುರಗಿ ಸೀಮೆಗೆ ದೂರದ್ದಲ್ಲ. ಕಲಬುರಗಿಯಲ್ಲಿ ಹುಟ್ಟಿ ಮುಂಬೈಯಲ್ಲಿ ಬೆಳಗಿದ ಎಸ್‌.ಎಂ. ಪಂಡಿತರು (1916–1993) ಪಾಶ್ಚಾತ್ಯ ನೈಜ ಶೈಲಿಯನ್ನು ಪುರಾಣದ ದೃಶ್ಯಗಳಿಗೆ ಒಗ್ಗಿಸಿ ಕ್ಯಾಲೆಂಡರ್‌ಗಳ ಮೂಲಕ ಮನೆಮನೆಗೆ ತಲುಪಿಸಿದವರು. ಅವರ ಹೆಸರಿನ ರಂಗಮಂದಿರ ಕಲಬುರಗಿಯಲ್ಲಿದೆ. ಚಿಂಚೋಳಿಯಿಂದ ಚಿತ್ತಾಪುರದವರೆಗೆ ಕುಂಚ ಹಿಡಿದವರ ಮನೆಗಳಲ್ಲಿ ಕಟ್ಟು ಹಾಕಿಸಿದ ಚಿತ್ರಗಳಷ್ಟೇ ಕಾಳಜಿಯಿಂದ ಕರಡುಗಳನ್ನೂ ಕಾಪಾಡಬೇಕು. ಚಾಕಿನ ಪುಡಿ ಉದುರುತ್ತದೆ, ಉಜ್ಜಿದರೆ ಅಳಿಸುತ್ತದೆ. ಹಾಳೆಗಳನ್ನು ಸುರುಳಿ ಸುತ್ತದೆ, ನಡುನಡುವೆ ನುಣುಪು ಕಾಗದವಿಟ್ಟು, ತೇವ ತಾಗದ ಕಡೆ ಚಪ್ಪಟೆಯಾಗಿ ಇಡಬೇಕು. ಹಿಂಬದಿಗೆ ಪೆನ್ಸಿಲ್‌ನಲ್ಲಿ ಹೆಸರು, ಇಸವಿ, ಯಾವ ಚಿತ್ರಕ್ಕೆಂಬುದನ್ನು ಬರೆದಿಡಬೇಕು.