ನೆಲದ ತಪ್ಪೇ, ಬೀಜದ ವಯಸ್ಸೇ?

ಮೊನ್ನೆ ಮಧ್ಯಾಹ್ನ ಹಪ್ಪಳದ ಹಿಟ್ಟು ನಾದುತ್ತಾ ಕೂತಿದ್ದೆ. ನಮ್ಮ ಅಟ್ಟೂರಿನ ಮನೆಯಿಂದ ಎರಡು ಮನೆ ಆಚೆಯ ಸೊಸೆ ಸ್ಕ್ಯಾನಿಂಗ್ ಕಾಗದ ಹಿಡಿದು ಬಂದಳು. ವಯಸ್ಸು 39. ಎರಡು ಸಲ ಐವಿಎಫ್ ಮಾಡಿಸಿಯೂ ಫಲ ಸಿಕ್ಕಿಲ್ಲ. "ಅಕ್ಕಾ, ಗರ್ಭಕೋಶಕ್ಕೆ ರಕ್ತ ಸರಿಯಾಗಿ ಹರೀತಿಲ್ವಂತೆ. ನೆಲವೇ ಬರಡಾದ್ರೆ ಬೀಜ ಹಾಕಿ ಏನು ಪ್ರಯೋಜನ ಅಂದ್ರು ಅತ್ತೆ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ನಾನು ಎಸ್‌ಎಸ್‌ಎಲ್‌ಸಿ ಓದಿದವಳು. ಅವಳ ಜೊತೆ ಲೇಡಿ ಡಾಕ್ಟರ ಹತ್ತಿರ ಹೋಗಿ ಕೇಳಿ ತಿಳಿದದ್ದನ್ನು ನಿಮಗೂ ಹೇಳುತ್ತೇನೆ, ಸೋದರಿಯರೇ.

ಆ ಪರೀಕ್ಷೆಗೆ ಡಾಪ್ಲರ್ ಸ್ಕ್ಯಾನಿಂಗ್ ಅಂತಾರೆ. ಹರಿಯುವ ರಕ್ತಕ್ಕೆ ತಗುಲಿ ಹಿಂದಿರುಗುವ ಶಬ್ದದ ಅಲೆಯಿಂದ ಹರಿವನ್ನು ಅಳೆಯುತ್ತಾರೆ. ಗರ್ಭಕೋಶದ ರಕ್ತನಾಳದಲ್ಲಿ ತಡೆ ಜಾಸ್ತಿ ಇದ್ದರೆ ಅಂಕಿಯೂ ಜಾಸ್ತಿ. ಆದರೆ ಮುಟ್ಟಿನ ಯಾವ ದಿನ ನೋಡಿದರು ಎಂಬುದರ ಮೇಲೂ ಅಂಕಿ ಬದಲಾಗುತ್ತದೆ. ಆ ಒಂದು ಅಂಕಿ ನೋಡಿ ಮಗು ಆಗೋದೇ ಇಲ್ಲ ಅನ್ನುವಂತಿಲ್ಲ.

ವಯಸ್ಸಿನ ಪೆಟ್ಟು ಹೆಚ್ಚಾಗಿ ಬೀಳುವುದು ನೆಲಕ್ಕಲ್ಲ, ಬೀಜಕ್ಕೆ. ಹೆಣ್ಣುಮಗು ಹುಟ್ಟುವಾಗಲೇ 10ರಿಂದ 20 ಲಕ್ಷ ಅಂಡಗಳಿರುತ್ತವೆ. ಮೈನೆರೆಯುವ ಹೊತ್ತಿಗೆ 3-4 ಲಕ್ಷ ಉಳಿಯುತ್ತವೆ. 35 ದಾಟಿದ ಮೇಲೆ ಎಣಿಕೆ ಬೇಗ ಇಳಿಯುತ್ತದೆ, ಅಂಡದ ವರ್ಣತಂತುಗಳಲ್ಲಿ ದೋಷವೂ ಹೆಚ್ಚುತ್ತದೆ. ಅಂಥ ಭ್ರೂಣಗಳಲ್ಲಿ ಬಹಳಷ್ಟು ನಿಲ್ಲುವುದಿಲ್ಲ. ಚಿಕ್ಕ ವಯಸ್ಸಿನ ದಾನಿಯ ಅಂಡ ಪಡೆದರೆ 45ರ ಹೆಂಗಸಿಗೂ ಗರ್ಭ ನಿಲ್ಲುವುದುಂಟು. 2019ರ ಸೆಪ್ಟೆಂಬರ್‌ನಲ್ಲಿ ಆಂಧ್ರದ ಗುಂಟೂರಿನಲ್ಲಿ ಎರ್ರಮಟ್ಟಿ ಮಂಗಾಯಮ್ಮ ಅವಳಿ ಹೆಣ್ಣುಮಕ್ಕಳನ್ನು ಹೆತ್ತಾಗ ಅವರಿಗೆ 74 ವರ್ಷ ಎಂದು ವರದಿಯಾಗಿತ್ತು. ಅಂಡ ದಾನಿಯದು.

ಹಾಗೆಂದು ಅದು ಮೇಲ್ಪಂಕ್ತಿಯಲ್ಲ. ವಯಸ್ಸಾದ ಬಸುರಿಯಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಭಯ ಹೆಚ್ಚು. 2021ರ ಕಾನೂನು ಈ ಚಿಕಿತ್ಸೆಗೆ ಹೆಂಗಸಿಗೆ 50, ಗಂಡಸಿಗೆ 55 ವರ್ಷದ ಮಿತಿ ಹಾಕಿದೆ.

ರಕ್ತ ಹರಿಸಲೆಂದು ಆಸ್ಪಿರಿನ್, ಸಿಲ್ಡೆನಾಫಿಲ್ ಮಾತ್ರೆಗಳನ್ನು ಕೊಟ್ಟು ನೋಡಿದ್ದಾರೆ. ಅದರಿಂದ ಹೆಚ್ಚು ಮಕ್ಕಳು ಹುಟ್ಟುತ್ತವೆ ಎಂಬುದು ಗಟ್ಟಿಯಾಗಿ ಸಾಬೀತಾಗಿಲ್ಲ. ಪಕ್ಕದ ಮನೆಯವರು ಹೇಳಿದರೆಂದು ನೀವೇ ಅಂಗಡಿಯಿಂದ ತಂದು ನುಂಗಬೇಡಿ.

ಮೂರನೇ ಸಲಕ್ಕೆ ಒಡವೆ ಅಡವಿಡುವ ಮುಂಚೆ ಡಾಕ್ಟರನ್ನು ಕೇಳಿ: "ಈ ವಯಸ್ಸಿಗೆ ನನ್ನದೇ ಅಂಡದಿಂದ ನೂರಕ್ಕೆ ಎಷ್ಟು ಜನರಿಗೆ ಮಗು ಆಗುತ್ತೆ? ಗರ್ಭಕೋಶದ ಒಳಪದರ ಹೇಗಿದೆ? ಯಜಮಾನರ ವೀರ್ಯ ಪರೀಕ್ಷೆ ಏನನ್ನುತ್ತೆ? ಒಟ್ಟು ಖರ್ಚೆಷ್ಟು?" ಉತ್ತರ ಬರೆಸಿಕೊಂಡು ಬನ್ನಿ.

ಆ ಹುಡುಗಿ ಇನ್ನೂ ಏನೂ ತೀರ್ಮಾನಿಸಿಲ್ಲ. ಮತ್ತೊಮ್ಮೆ ಪ್ರಯತ್ನವೋ, ದಾನಿಯ ಅಂಡವೋ, ದತ್ತು ಮಗುವೋ, ಇಬ್ಬರೇ ನೆಮ್ಮದಿಯಾಗಿ ಇರುವುದೋ, ಅದು ಗಂಡ ಹೆಂಡತಿ ಕೂತು ಮಾಡಬೇಕಾದ ಮಾತು. ಅವಳ ಅತ್ತೆಗೂ ಇದನ್ನೆಲ್ಲಾ ಬಿಡಿಸಿ ಹೇಳಿದೆ. "ನಂಗೇನು ಗೊತ್ತಿತ್ತಮ್ಮಾ" ಎಂದು ಸುಮ್ಮನಾದರು. ಸಂಜೆ ಸೊಸೆಗೆ ಅವರೇ ಕಾಫಿ ಬೆರೆಸಿಕೊಟ್ಟರಂತೆ.

ವಯಸ್ಸಾಗುವುದು ಯಾರ ತಪ್ಪೂ ಅಲ್ಲ. ಬರಡು ಎಂಬ ಮಾತನ್ನು ನಮ್ಮ ಮನೆಗಳಲ್ಲಿ ಇನ್ನು ಬಿಟ್ಟುಬಿಡೋಣ.