ಕತ್ತಲೆ ಕೋಣೆಯ ಯಂತ್ರವೂ ಶ್ರಾವಕನ ಲೆಕ್ಕವೂ



ನ್ಯಾಲ್ಕಲ್, ಜಹೀರಾಬಾದ್, ಬೀದರ ಸೀಮೆಯ ಹಳೆಯ ಮನೆಗಳ ಅಟ್ಟ ಹುಡುಕಿದರೆ ಒಂದಿಲ್ಲೊಂದು ತಗಡಿನ ಡಬ್ಬಿಯಲ್ಲಿ ನೆಗೆಟಿವ್‌ಗಳು ಸಿಗುತ್ತವೆ. ಮದುವೆ, ಪಂಚಕಲ್ಯಾಣ, ಮುನಿಗಳ ವಿಹಾರ, 1981 ಮತ್ತು 1993ರ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ, ಹೀಗೆ ಮನೆತನದ ನೆನಪೆಲ್ಲ ಆ ಡಬ್ಬಿಯಲ್ಲೇ ಇರುತ್ತದೆ. ಈಗಿನ ಮಕ್ಕಳಿಗೆ ಫಿಲ್ಮಿನ ಗೀಳು ಮತ್ತೆ ಹತ್ತಿದೆ. ಅವರು ಹಿರಿಯರಿಗೆ ಎರಡು ಪ್ರಶ್ನೆ ಹಾಕುತ್ತಾರೆ. ಕೆಟ್ಟು ಬಿದ್ದ ಎನ್‌ಲಾರ್ಜರ್ ಮತ್ತು ಟೈಮರ್ ದುರುಸ್ತಿ ಮಾಡಬಹುದೇ? ಈ ಕೆಲಸ ನಮ್ಮ ಮನೆಗೆ ಒಪ್ಪುವುದೇ? ಮೊದಲು ಯಂತ್ರದ ಮಾತು, ನಂತರ ಧರ್ಮದ ಮಾತು.

ಯಂತ್ರದ ಮೊದಲ ವೈರಿ ನಮ್ಮ ಕಡೆಯ ಕರೆಂಟು. ಕಾಗದದಲ್ಲಿ 230 ವೋಲ್ಟ್ ಇದ್ದರೂ ಸಂಜೆ ಪಂಪುಸೆಟ್ಟುಗಳು ಚಾಲೂ ಆದರೆ 205ಕ್ಕೂ ಇಳಿದೀತು. ಬರೀ ಇಪ್ಪತ್ತೈದು ವೋಲ್ಟ್ ತಾನೇ ಎನ್ನಬೇಡಿ. ತಂತಿಯ ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹಳ ವೇಗವಾಗಿ ಕುಸಿಯುತ್ತದೆ. 205 ವೋಲ್ಟಿಗೆ ಬೆಳಕಿನ ಮೂರನೇ ಒಂದು ಪಾಲು ಹೋದಂತೆಯೇ. ಹತ್ತು ಸೆಕೆಂಡಿನ ಪ್ರಿಂಟಿಗೆ ಹದಿನೈದು ಸೆಕೆಂಡು ಬೇಕಾಗುತ್ತದೆ. ಸಾಧಾರಣ ರಿಲೇ ಸ್ಟೆಬಿಲೈಸರ್ ಇದಕ್ಕೆ ಒಗ್ಗದು, ಅದು ಮೆಟ್ಟಿಲು ಹತ್ತಿ ಇಳಿದಂತೆ ನಡುವೆಯೇ ಹಾರುತ್ತದೆ. ಬಲ್ಬಿನ ಬದಲು 12 ವೋಲ್ಟಿನ ಎಲ್‌ಇಡಿ ಹಾಕಿ, 7812 ರೆಗ್ಯುಲೇಟರ್ ಮೂಲಕ ಕರೆಂಟು ಕೊಡುವುದು ಸುಲಭದ ದಾರಿ. ರೆಗ್ಯುಲೇಟರಿಗೆ ಒಳಬರುವ ವೋಲ್ಟೇಜು ಕನಿಷ್ಠ 15 ಇರಲಿ, ಬಿಸಿ ಹೋಗಲು ಅಲ್ಯೂಮಿನಿಯಂ ತಗಡು ಕಟ್ಟಿರಲಿ. ಆಗ ಹೊರಗೆ ಏನಾದರೂ ಆಗಲಿ, ಒಳಗಿನ ಬೆಳಕು ತಕ್ಕಡಿಯ ಮುಳ್ಳಿನಂತೆ ನಿಲ್ಲುತ್ತದೆ.

ಎರಡನೆಯದು ಟೈಮರ್. 1972ರಲ್ಲಿ ಬಂದ 555 ಎಂಬ ಪುಟ್ಟ ಐಸಿ ಇಂದಿಗೂ ಕೆಲವೇ ರೂಪಾಯಿಗೆ ಸಿಗುತ್ತದೆ. ಹೈದರಾಬಾದಿನ ಕೋಠಿ ಗುಜರಾತಿ ಗಲ್ಲಿಯಲ್ಲಾಗಲಿ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ಕೇಳಿ. ಇದರ ಲೆಕ್ಕ ಮೆಟ್ರಿಕ್ ಓದಿದವನಿಗೂ ಬರುವಂಥದು: ರೆಸಿಸ್ಟರನ್ನು ಕೆಪಾಸಿಟರಿನಿಂದ ಗುಣಿಸಿ, ಮತ್ತೆ 1.1ರಿಂದ ಗುಣಿಸಿದರೆ ಸೆಕೆಂಡು ಬಂತು. ಒಂದು ಮೆಗಾಓಮ್, ಹತ್ತು ಮೈಕ್ರೊಫ್ಯಾರಡ್ ಇಟ್ಟರೆ 11 ಸೆಕೆಂಡು. ಕೊಡ ಮೂರರಲ್ಲಿ ಎರಡು ಪಾಲು ತುಂಬಿದಾಗ ನಲ್ಲಿ ಕಟ್ಟಿದಂತೆ ಇದರ ಕೆಲಸ. ಕೊಡ ಎಷ್ಟು ದೊಡ್ಡದೋ ನೀರೂ ಅಷ್ಟೇ ಜೋರು, ಹಾಗಾಗಿ ವೋಲ್ಟೇಜು ಸ್ವಲ್ಪ ಏರಿಳಿದರೂ ಸಮಯ ಕೆಡುವುದಿಲ್ಲ.

ಹಳೆಯ ಟೈಮರ್ ತಪ್ಪು ಸಮಯ ತೋರಿಸಿದರೆ ಮೊದಲು ಎಲೆಕ್ಟ್ರೊಲಿಟಿಕ್ ಕೆಪಾಸಿಟರನ್ನು ಶಂಕಿಸಿ. ವರ್ಷ ಕಳೆದಂತೆ ಅದು ಒಳಗೇ ಒಣಗುತ್ತದೆ. ನಂತರ ರಿಲೇಯ ಸುಟ್ಟ ತುದಿಗಳು, ಅದಾದ ಮೇಲೆ ಬಿರುಕು ಬಿಟ್ಟ ಬೆಸುಗೆ. ರಿಲೇ ಸುರುಳಿಗೆ ಅಡ್ಡಲಾಗಿ 1ಎನ್4007 ಡಯೋಡ್ ಇರಲೇಬೇಕು. ಇಲ್ಲದಿದ್ದರೆ ಸುರುಳಿ ಆರುವಾಗ ಹುಟ್ಟುವ ಹೊಡೆತ ಐಸಿಯನ್ನು ಕೊಲ್ಲುತ್ತದೆ. ಕತ್ತಲೆ ಕೋಣೆಯಲ್ಲಿ ನೀರು, ಆಸಿಡ್ಡಿನ ಆವಿ, ಕರೆಂಟು ಮೂರೂ ಒಂದೇ ಕಡೆ ಇರುತ್ತವೆ. ಆದ್ದರಿಂದ ಅರ್ಥಿಂಗ್ ಮತ್ತು ಸೋರಿಕೆ ತಡೆಯುವ ಸ್ವಿಚ್ಚು ಇಲ್ಲದೆ ಮಕ್ಕಳನ್ನು ಒಳಗೆ ಬಿಡಬೇಡಿ. ಹಳೆಯ ಫ್ಲ್ಯಾಶ್ ಗನ್ ಬಿಚ್ಚುವುದಾದರೆ ಎಚ್ಚರ, ಅದರ ಕೆಪಾಸಿಟರಿನಲ್ಲಿ ಸುಮಾರು 300 ವೋಲ್ಟ್ ಅಡಗಿರುತ್ತದೆ, ಸೆಲ್ ತೆಗೆದ ಮೇಲೂ.

ಯಂತ್ರದ ಬಗ್ಗೆ ಉತ್ತರ ಇಷ್ಟೇ: ದುರುಸ್ತಿ ಮಾಡಬಹುದು, ಮಾಡಬೇಕು. ಇದ್ದದ್ದನ್ನು ಎಸೆದು ಹೊಸದು ತರುವುದಕ್ಕಿಂತ ಇದ್ದದ್ದರಲ್ಲಿ ಬಾಳುವುದು ಪರಿಗ್ರಹ ಪರಿಮಾಣಕ್ಕೆ ಹತ್ತಿರ.

ಈಗ ಎರಡನೆಯ ಪ್ರಶ್ನೆ. ಫಿಲ್ಮಿನ ಮೇಲೂ ಬ್ರೋಮೈಡ್ ಕಾಗದದ ಮೇಲೂ ಬೆಳ್ಳಿಯ ಉಪ್ಪನ್ನು ಹಿಡಿದಿಡುವುದು ಜಿಲೆಟಿನ್ ಎಂಬ ಪದರ. 1871ರಲ್ಲಿ ಇಂಗ್ಲೆಂಡಿನ ವೈದ್ಯ ರಿಚರ್ಡ್ ಲೀಚ್ ಮ್ಯಾಡಾಕ್ಸ್ ತೋರಿಸಿದ ದಾರಿ ಇಂದಿಗೂ ಬದಲಾಗಿಲ್ಲ. ಜಿಲೆಟಿನ್ ಎಂದರೆ ದನಗಳ ಮೂಳೆ, ಚರ್ಮ ಬೇಯಿಸಿ ತೆಗೆದ ಅಂಟು. 1925ರಲ್ಲಿ ಕೊಡಾಕ್ ಕಂಪನಿಯ ವಿಜ್ಞಾನಿ ಸ್ಯಾಮ್ಯುಯೆಲ್ ಶೆಪ್ಪರ್ಡ್ ಕಂಡುಕೊಂಡದ್ದು ಇನ್ನೂ ಆಶ್ಚರ್ಯ. ದನ ತಿಂದ ಸಾಸಿವೆ ಗಿಡದ ಗಂಧಕದ ಅಂಶ ಜಿಲೆಟಿನ್ನಿನಲ್ಲಿ ಉಳಿದು ಫಿಲ್ಮಿನ ಚುರುಕು ಹೆಚ್ಚಿಸುತ್ತಿತ್ತು. ದನ ಮೇದ ಮೇವಿನ ಗುರುತು ಕೂಡ ನಮ್ಮ ಫೋಟೋದಲ್ಲಿ ಇತ್ತೆಂದಾಯಿತು.

ಹೇಮಚಂದ್ರಾಚಾರ್ಯರ ಯೋಗಶಾಸ್ತ್ರದಲ್ಲಿ ಶ್ರಾವಕ ಬಿಡಬೇಕಾದ ಹದಿನೈದು ಉದ್ಯೋಗಗಳ ಎಣಿಕೆ ಇದೆ. ಅದರಲ್ಲಿ ದಂತವಾಣಿಜ್ಯ ಒಂದು. ಆನೆಯ ದಂತ ಮಾತ್ರವಲ್ಲ, ಮೂಳೆ ಮತ್ತು ಚರ್ಮವೂ ಅದರೊಳಗೆ ಬರುತ್ತವೆ. ಹಾಗಾದರೆ ಅಟ್ಟದ ನೆಗೆಟಿವ್‌ಗಳನ್ನು ಸುಡಬೇಕೇ? ಬೇಡ. ಆ ಹಿಂಸೆ ಎಂದೋ ಆಗಿಹೋಗಿದೆ, ಸುಟ್ಟರೆ ಯಾವ ಜೀವವೂ ಮರಳದು, ಹಿರಿಯರ ಮುಖ ಮಾತ್ರ ಹೋಗುತ್ತದೆ. ಆದರೆ ಹೊಸ ಡಬ್ಬಿ ಕಾಗದಕ್ಕೆ ದುಡ್ಡು ಕೊಟ್ಟರೆ ಹೊಸ ಮೂಳೆಗೆ ಬೇಡಿಕೆ ಇಟ್ಟಂತೆ. ಗಿರಾಕಿ ಇದ್ದರೇ ಮಾಲು ಬರುವುದು, ಇದು ವ್ಯಾಪಾರಿಗಳಾದ ನಮಗೆ ಯಾರೂ ಕಲಿಸಬೇಕಿಲ್ಲ. ಇದು ನನ್ನ ತಿಳುವಳಿಕೆ. ನಿಯಮ ತೆಗೆದುಕೊಳ್ಳುವವರು ಮುನಿ-ಆರ್ಯಿಕೆಯರ ಬಳಿ ಕೇಳಿ ನಡೆಯುವುದು ಒಳ್ಳೆಯದು.

ಮಕ್ಕಳ ಉತ್ಸಾಹಕ್ಕೆ ಬೇರೆ ದಾರಿ ಇದೆ. 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ಸೈಯಾನೋಟೈಪ್ ಎಂಬ ನೀಲಿ ಮುದ್ರಣಕ್ಕೆ ಜಿಲೆಟಿನ್ ಬೇಡ, ಬೆಳ್ಳಿಯೂ ಬೇಡ. ನೂರು ಮಿಲಿ ನೀರಿಗೆ 25 ಗ್ರಾಂ ಫೆರಿಕ್ ಅಮೋನಿಯಂ ಸಿಟ್ರೇಟ್, ಇನ್ನೊಂದು ನೂರು ಮಿಲಿಗೆ 10 ಗ್ರಾಂ ಪೊಟ್ಯಾಸಿಯಂ ಫೆರಿಸಯನೈಡ್. ಎರಡನ್ನೂ ಸಮಸಮ ಬೆರೆಸಿ ಕಾಗದಕ್ಕೆ ಬಳಿದು, ಮಂದ ಬಲ್ಬಿನಡಿ ಒಣಗಿಸಬೇಕು. ಕೆಲವು ಚಿತ್ರದ ಕಾಗದಗಳಿಗೂ ಜಿಲೆಟಿನ್ ಸವರಿರುತ್ತಾರೆ, ಗಂಜಿ ಹಚ್ಚಿದ್ದನ್ನೇ ಕೇಳಿ ತನ್ನಿ. ಮೇಲೆ ನೆಗೆಟಿವ್ ಇಟ್ಟು ಬಿಸಿಲು ತೋರಿಸಿ, ಬರೀ ನೀರಿನಲ್ಲಿ ತೊಳೆದರೆ ಚಿತ್ರ ನಿಲ್ಲುತ್ತದೆ. ಪುಡಿಗಳನ್ನು ಅಡಿಗೆಮನೆಯಿಂದ ದೂರವಿಡಿ, ಆಸಿಡ್ಡಿನ ಹತ್ತಿರ ಸುಳಿಯಗೊಡಬೇಡಿ.

ಮಳೆಗಾಲದಲ್ಲಿ ಬಿಸಿಲು ನಂಬುವಂತಿಲ್ಲ. ಅಲ್ಲಿಯೇ ಮೇಲೆ ಹೇಳಿದ ಯಂತ್ರ ಕೆಲಸಕ್ಕೆ ಬರುತ್ತದೆ. ಮರದ ಪೆಟ್ಟಿಗೆಯೊಳಗೆ 395 ನ್ಯಾನೋಮೀಟರಿನ ನೇರಳಾತೀತ ಎಲ್‌ಇಡಿ ಪಟ್ಟಿ ಅಂಟಿಸಿ, ಅದೇ ಸ್ಥಿರವಾದ 12 ವೋಲ್ಟ್ ಕೊಡಿ. ಹತ್ತಿಪ್ಪತ್ತು ನಿಮಿಷಕ್ಕೆ 555 ಸಾಲದು. 4060 ಎಂಬ ಐಸಿ ಸಣ್ಣ ಮಿಡಿತಗಳನ್ನು 8192 ಬಾರಿ ಎಣಿಸಿ ಆಮೇಲೆ ದೀಪ ಆರಿಸಬಲ್ಲದು. ಮುಚ್ಚಳ ತೆರೆದೊಡನೆ ದೀಪ ಆರುವಂತೆ ಒಂದು ಸ್ವಿಚ್ಚು ಇರಲಿ, ಕಣ್ಣಿಗೆ ಆ ಬೆಳಕು ಒಳ್ಳೆಯದಲ್ಲ.

ಒಂದು ಮಿತಿ ಇದೆ. ಇಲ್ಲಿ ನೆಗೆಟಿವ್ ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ. ಹಳೆಯ ಸ್ಟುಡಿಯೋದ ಗಾಜಿನ ಪ್ಲೇಟು ಚೆನ್ನಾಗಿ ಬರುತ್ತದೆ. ಚಿಕ್ಕ 35 ಮಿಲಿಮೀಟರ್ ಸುರುಳಿಯನ್ನು ಬಿಳಿ ಎಲ್‌ಇಡಿ ಹಲಗೆಯ ಮೇಲಿಟ್ಟು ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದುಕೊಳ್ಳಿ. ಈ ಕೆಲಸ ಮಾತ್ರ ನಾಳೆಗೆ ಬಿಡಬೇಡಿ, ನಮ್ಮ ಮಳೆಗಾಲದ ತೇವಕ್ಕೆ ಜಿಲೆಟಿನ್ನಿನ ಮೇಲೆ ಬೂಷ್ಟು ಏಳುತ್ತದೆ. ಪ್ರತಿ ಚಿತ್ರದ ಹಿಂದೆ ಹೆಸರು, ಊರು, ವರ್ಷ ಬರೆಸಿ. ಯಾರು ಯಾರೆಂದು ಹೇಳಬಲ್ಲ ಅಜ್ಜಿ ಮನೆಯಲ್ಲಿ ಇರುವಾಗಲೇ ಬರೆಸಿ.