ಅಂಕಲ್ ಅಂದ್ರ ಕಾಕಾನೋ, ಮಾವನೋ?

ಹೋದ ವಾರ ಚಿಕ್ಕೇರೂರಿನಲ್ಲಿ ಬಸ್ಸಿಳಿದೆ. ಮೀಸೆ ಚಿಗುರುತ್ತಿದ್ದ ಹುಡುಗನೊಬ್ಬ ಬಂದು, "ಅಂಕಲ್, ಟೈಮ್ ಎಷ್ಟಾತ್ರಿ?" ಅಂದ. ಇನ್ನೂ ಮೂವತ್ತು ತುಂಬದ ನನಗೆ! ರಾಜ್ 2006ರಲ್ಲಿ ಕಣ್ಮುಚ್ಚಿದಾಗ ಅವರಿಗೆ 76 ವರ್ಷ. ಆಗಲೂ ಅವರು ಅಣ್ಣಾವ್ರೇ, ಅಂಕಲ್ ಅಂದವರುಂಟೇ?

ಈ ಮಾತಿಗೂ ನನಗೂ ಹಳೇ ಲೆಕ್ಕ ಬಾಕಿ ಇತ್ತು, ಮಿತ್ರರೇ. ಪಿ.ಯು.ಸಿ. ಓದುವಾಗ ಇದೇ ಚಿಕ್ಕೇರೂರಿನ ನನ್ನ ಸ್ವಾದರಮಾವ ರೊಟ್ಟಿಗಂಟು ಹಿಡಿದು ಹಾಸ್ಟೆಲಿಗೆ ಬಂದಿದ್ದ. ಫೀ ಕಟ್ಟಿದವನೂ ಅವನೇ. ಗೆಳೆಯರು "ಯಾರೋ?" ಅಂದರು. ಮಾವ ಅನ್ನಲು ನಾಚಿಕೆಯಾಗಿ "ಅಂಕಲ್" ಅಂದುಬಿಟ್ಟೆ. ಗೇಟಿನ ತನಕ ಸುಮ್ಮನೆ ಬಂದವನು, "ಅಂಕಲ್ ಅಂದ್ರ ಕಾಕಾನೋ, ಮಾವನೋ?" ಅಂತ ಕೇಳಿದ. ನಾನು ನೆಲ ನೋಡಿದೆ. ಮುಂದೆ ಓದನ್ನೂ ಬಿಟ್ಟೆ. ಅದು ಬೇರೆ ಕಥೆ.

ನಮ್ಮಲ್ಲಿ ಕಾಕಾನ ಮಗಳು ತಂಗಿ. ಮಾವನ ಮಗಳು? ಅದನ್ನು ನಿಮಗೆ ನಾನು ಹೇಳಬೇಕೇ! ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತದೆ ಈ ಅಂಕಲ್.

ಇಂಗ್ಲಿಷರ ಬಾಯಲ್ಲಿ ಅದು ಎರಡೇ ತುಂಡು: 'ಅಂ', ಆಮೇಲೆ 'ಕ್ಲ್'. ಮೊದಲನೆಯದರಲ್ಲಿ ನಮ್ಮ ಶಂಕರನಲ್ಲಿರುವ ಅದೇ ಮೂಗಿನ ದನಿ. ಎರಡನೆಯದರಲ್ಲಿ ಸ್ವರವೇ ಇಲ್ಲ, ನಾಲಿಗೆ ಲಕಾರದ ಮೇಲೇ ನಿಲ್ಲುತ್ತದೆ. ನಾವು ನಡುವೆ ಅಕಾರ ಸೇರಿಸಿದೆವು. ನನ್ನ ಮಾವ ಕೊನೆಗೆ ಉಕಾರವನ್ನೂ ಸೇರಿಸಿ 'ಅಂಕಲ್ಲು' ಅಂತಾನೆ, ಮೂರು ತುಂಡು!

ಹುಟ್ಟಿದ್ದು ಲ್ಯಾಟಿನ್‌ನಲ್ಲಿ. 'ಅವುಸ್' ಅಂದರೆ ಅಜ್ಜ. ಅದರಿಂದ 'ಅವುಂಕುಲುಸ್', ಅಂದರೆ ಪುಟ್ಟಜ್ಜ. ರೋಮನ್ನರು ಹಾಗೆ ಕರೆದದ್ದು ಯಾರನ್ನು ಗೊತ್ತೇ? ತಾಯಿಯ ಅಣ್ಣತಮ್ಮಂದಿರನ್ನು! ಅಪ್ಪನ ಕಡೆಯವನಿಗೆ ಬೇರೆಯೇ ಮಾತು. ಹಳೇ ಇಂಗ್ಲಿಷಿನಲ್ಲೂ ಹೀಗೆಯೇ ಎರಡು ಮಾತಿದ್ದವು. 1066ರಲ್ಲಿ ಫ್ರಾನ್ಸಿನ ನಾರ್ಮನ್ನರು ಇಂಗ್ಲೆಂಡ್ ಗೆದ್ದರು. ಅವರ ಫ್ರೆಂಚಿನ 'ಓಂಕ್ಲ್' ನಿಧಾನವಾಗಿ ಒಳಹೊಕ್ಕು, ಎರಡನ್ನೂ ನುಂಗಿ ಕೂತಿತು. 'ಆಂಟ್' ಇದೆಯಲ್ಲ, ಅದರ ಲ್ಯಾಟಿನ್ ಮೂಲ 'ಅಮಿತ', ಅಪ್ಪನ ಅಕ್ಕತಂಗಿ. ನೋಡಿ ಚಮತ್ಕಾರ: ಮೂಲದಲ್ಲಿ ಅಂಕಲ್ಲೇ ಸೋದರಮಾವ, ಆಂಟಿಯೇ ಸೋದರತ್ತೆ! ಬಸ್ ಸ್ಟ್ಯಾಂಡಿನಲ್ಲಿ ಕಂಡವರನ್ನೆಲ್ಲ ಅಂಕಲ್ ಅನ್ನುವ ಹುಡುಗರೇ, ಹುಷಾರು.

ಇಷ್ಟನ್ನೂ ಮಾವನ ಕಟ್ಟೆಯ ಮೇಲೆ ಕೂತು ಹೇಳಿದೆ. ಅಡಕೆ ಕತ್ತರಿಸುತ್ತಿದ್ದವನು ಕೈ ನಿಲ್ಲಿಸಿದ.

"ಹಂಗಾರ ಅವತ್ತು ನೀ ಸರೀನ ಅಂದಿದ್ದಿ ಬಿಡೋ," ಅಂದ.

"ಇಲ್ಲೋ ಮಾವ, ಗೊತ್ತಿದ್ದು ಅಂದಿದ್ದಲ್ಲ ಅದು."

"ಅದೂ ಗೊತ್ತೈತಿ. ಏಳು, ಊಟ ಆರತೈತಿ."